ನೀರಿನ ಕಡೆಯಿಂದ ಊರು ನೋಡುವುದು

ಮೊನ್ನೆ ದೊಡ್ಡಬಳ್ಳಾಪುರದ ಛತ್ರವೊಂದರಲ್ಲಿ ಮದುವೆ ಊಟಕ್ಕೆ ಕೂತಿದ್ದೆ. ಪಕ್ಕದ ಎಲೆಯವರು ಕೇಳಿದರು: "ಲಂಡನ್ನಿಗೆ ಹೋಗಿದ್ರಂತಲ್ಲ, ಏನೇನು ನೋಡಿದ್ರಿ?"

"ಥೇಮ್ಸ್ ನದಿ" ಅಂದೆ.

"ಅದು ಸರಿ, ಮತ್ತೇನು?"

"ಅದರ ನೀರು ಇಳಿಯೋದು, ಏರೋದು."

ಅವರು ಹತ್ತು ದಿನಕ್ಕೆ ಎಂಟು ದೇಶ ಸುತ್ತಿ ಬಂದವರು. "ಅಷ್ಟು ದುಡ್ಡು ಹಾಕಿ ನದಿ ನೋಡ್ಕೊಂಡು ಬಂದ್ರಾ?" ಎಂದು ಪಾಯಸದ ಕಡೆ ತಿರುಗಿದರು. ಆ ಮಾತು ಇನ್ನೂ ಒಳಗೆ ಚುಚ್ಚುತ್ತಿದೆ.

ನನಗೂ ನಮ್ಮ ಮನೆಯವರಿಗೂ ಊರು ನೋಡುವ ಹುಚ್ಚು ಮದುವೆಯಾದಾಗಿನಿಂದ ಇದೆ. ಬಾದಾಮಿಗೆ ಹೋದಾಗ ಗುಹೆಗಿಂತ ಮೊದಲು ಅಗಸ್ತ್ಯತೀರ್ಥದ ಮೆಟ್ಟಿಲ ಮೇಲೆ ಕೂತೆವು. ಹಂಪಿಯಲ್ಲಿ ವಿಜಯವಿಠ್ಠಲಕ್ಕಿಂತ ಮೊದಲು ನೀರು ತಂದ ಕಲ್ಲುಗಾಲುವೆ ನೋಡಿದೆವು. ಊರು ಎಲ್ಲಿ ನೀರು ಕುಡಿಯಿತು, ತನ್ನ ಕೊಳೆ ಎಲ್ಲಿಗೆ ಬಿಟ್ಟಿತು, ಇವೆರಡು ತಿಳಿದರೆ ಕೋಟೆ, ಪೇಟೆ, ಗುಡಿ ಯಾಕೆ ಅಲ್ಲಲ್ಲೇ ಇವೆ ಅನ್ನುವುದು ತಾನಾಗಿ ಬಿಡಿಸಿಕೊಳ್ಳುತ್ತದೆ. ನಮ್ಮ ದೊಡ್ಡಬಳ್ಳಾಪುರ ತಾಲ್ಲೂಕಿನ ದೊಡ್ಡಬೆಳವಂಗಲದಲ್ಲಿ ಬೋರ್‌ವೆಲ್ ಸಾವಿರ ಅಡಿ ದಾಟುವುದನ್ನು ಕಂಡವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಲಂಡನ್ ನೋಡುವವರು ಮೊದಲು ತಿಳಿಯಬೇಕಾದದ್ದು ಇಳಿತದ ಹೊತ್ತು. ಕಡಲು ಬಲು ದೂರವಿದ್ದರೂ ಭರತ ಊರೊಳಗಿನ ತನಕ ನುಗ್ಗುತ್ತದೆ; ದಿನಕ್ಕೆರಡು ಸಲ ನೀರು 7 ಮೀಟರಿನವರೆಗೆ ಏರಿ ಇಳಿಯುತ್ತದೆ. ಬೆಳಿಗ್ಗೆ ತುಂಬಿ ತುಳುಕುತ್ತಿದ್ದ ಕಡೆ ಮಧ್ಯಾಹ್ನ ಕಲ್ಲುಮೆಟ್ಟಿಲು, ಕೆಸರು, ದಂಡೆ ತೆರೆದುಕೊಳ್ಳುತ್ತವೆ. ಅಲ್ಲಿ ಇಳಿದು ಕುಕ್ಕರುಗಾಲಲ್ಲಿ ಕೂತರೆ ಕಾಲಡಿಯಲ್ಲೇ ಮುರಿದ ಹೆಂಚು, ಸಿಂಪಿ, ಹಳೆಯ ಮೊಳೆ. ಮನೆಯವರು ಬೆರಳಷ್ಟು ಉದ್ದದ ಬಿಳಿ ತುಂಡೊಂದನ್ನು ತೋರಿಸಿ, "ಇದೇನೇ, ಸೀಮೆಸುಣ್ಣ?" ಅಂದರು. ಅದು ಜೇಡಿಮಣ್ಣಿನ ಹೊಗೆಕೊಳವೆಯ ಚೂರು. ಹಿಂದಿನವರು ಹೊಗೆಸೊಪ್ಪು ಸೇದಿ ಬಿಸಾಡಿದ್ದನ್ನು ನದಿ ಮುನ್ನೂರು ವರ್ಷ ಇಟ್ಟುಕೊಂಡು ನಮಗೆ ತೋರಿಸುತ್ತದೆ. ಅನುಮತಿಪತ್ರ ಇಲ್ಲದೆ ಒಂದು ಚೂರೂ ಎತ್ತುವಂತಿಲ್ಲ. ಬಲು ಒಳ್ಳೆಯ ಕಾನೂನು. ಕೈ ಕಟ್ಟಿಕೊಂಡಾಗ ಕಣ್ಣು ಚುರುಕಾಗುತ್ತದೆ.

ಮರುದಿನ ಕ್ಲರ್ಕನ್‌ವೆಲ್ ಅನ್ನುವ ಕಡೆ ರೇ ಸ್ಟ್ರೀಟಿಗೆ ಹೋದೆವು. ಅಲ್ಲೊಂದು ಪಬ್ಬಿನ ಎದುರು, ರಸ್ತೆಯಲ್ಲಿ ಕಬ್ಬಿಣದ ಜಾಲರಿ ಇದೆ. ಬಗ್ಗಿ ಕಿವಿಗೊಟ್ಟರೆ ಕೆಳಗೆ ನೀರು ಹರಿಯುವ ಸದ್ದು! ಅದು ಫ್ಲೀಟ್ ನದಿ. ಫ್ಲೀಟ್ ಸ್ಟ್ರೀಟಿಗೆ ಹೆಸರು ಕೊಟ್ಟ ನದಿ ಚರಂಡಿಯಾಗಿ, ಮುಚ್ಚಿಹೋಗಿ, ಈಗ ನೆಲದಡಿ ಓಡುತ್ತಿದೆ. "ಬಾರೇ, ಇಲ್ಲಿ ಕೇಳು" ಎಂದು ಮನೆಯವರು ಪಕ್ಕಕ್ಕೆ ಸರಿದರು. ಇಡೀ ಪ್ರವಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಗಳಿಗೆ ಅದು.

ಅಲ್ಲಿಂದ ಸೋಹೊದ ಬ್ರಾಡ್‌ವಿಕ್ ಸ್ಟ್ರೀಟಿಗೆ. 1854ರಲ್ಲಿ ಅಲ್ಲಿನ ಬೋರಿಂಗಿನ ನೀರು ಕುಡಿದವರು ಕಾಲರಾ ಬಂದು ಸತ್ತರು. ಡಾಕ್ಟರ್ ಜಾನ್ ಸ್ನೋ ಸತ್ತವರ ಮನೆಗಳನ್ನು ಹುಡುಕಿ ಗುರುತು ಹಾಕಿಕೊಂಡು, ಕೆಡುಕು ಗಾಳಿಯಲ್ಲಿಲ್ಲ, ಈ ನೀರಿನಲ್ಲಿದೆ ಎಂದು ತೋರಿಸಿ ಪಂಪಿನ ಹಿಡಿ ಕಳಚಿಸಿದರು. ಆ ಪಂಪಿನ ಪ್ರತಿರೂಪವನ್ನು ಹಿಡಿಯಿಲ್ಲದೆ ಈಗಲೂ ನಿಲ್ಲಿಸಿದ್ದಾರೆ. ನಾಲ್ಕು ವರ್ಷದ ಮೇಲೆ, 1858ರ ಬೇಸಿಗೆಯಲ್ಲಿ, ಥೇಮ್ಸ್ ನಾತ ಹೊಡೆದು ಪಾರ್ಲಿಮೆಂಟಿನಲ್ಲಿ ಕೂರಲಾಗದೆ ಹೋದಾಗ ದೊರೆಗಳ ಕಣ್ಣು ತೆರೆಯಿತು. ಎಂಜಿನಿಯರ್ ಜೋಸೆಫ್ ಬ್ಯಾಝಲ್‌ಜೆಟ್ ಕೊಳೆಯನ್ನು ನದಿಗೆ ಬೀಳದಂತೆ ತಡೆದು ಒಯ್ಯುವ ಇಟ್ಟಿಗೆಯ ಒಳಗಾಲುವೆಗಳನ್ನು ಕಟ್ಟಿದರು, ನದಿಯ ಎರಡು ದಂಡೆಗೂ ಕಲ್ಲುಗಟ್ಟೆ ಕಟ್ಟಿದರು.

ಅವುಗಳಲ್ಲಿ ಒಂದಾದ ಆಲ್ಬರ್ಟ್ ದಂಡೆಯ ಮೇಲೆ, ಪಾರ್ಲಿಮೆಂಟಿಗೆ ಎದುರಾಗಿ, ನಮ್ಮ ಬಸವಣ್ಣನವರ ಪ್ರತಿಮೆ ಇದೆ. 2015ರ ನವೆಂಬರ್ 14ರಂದು ಅನಾವರಣಗೊಂಡದ್ದು. ಕೃಷ್ಣೆ ಮಲಪ್ರಭೆಯರು ಕೂಡುವ ಕಡೆ ಬೆಳೆದವರಿಗೆ ಅಲ್ಲೂ ನದಿಯ ದಂಡೆಯೇ ಸಿಕ್ಕಿತಲ್ಲ ಎಂದು ನನಗೆ ಗಂಟಲು ಕಟ್ಟಿತು. ಅಲ್ಲಿ ಕೂತಿದ್ದ ಒಂದು ಗಂಟೆಯಲ್ಲಿ ಕನ್ನಡ ಮಾತಾಡುವ ಮೂರು ತಂಡ ಬಂದವು. ಕೈ ಮುಗಿದರು, ಫೋಟೊ ತೆಗೆದರು, ಹೊರಟರು. ಒಬ್ಬರೂ ಹಿಂದಿರುಗಿ ನದಿ ನೋಡಲಿಲ್ಲ. ನನ್ನ ಜಗಳ ಇವರ ಜೊತೆಗೇ. ನೋಡಿದ್ದೆಷ್ಟು ಎಂದು ಎಣಿಸುವವರು ಒಂದನ್ನೂ ನೋಡಿರುವುದಿಲ್ಲ. ಊರೊಂದು ತಾನು ಮಾಡಿದ ತಪ್ಪನ್ನು ತಾನೇ ತಿದ್ದಿಕೊಂಡ ಕಥೆ ಬೆನ್ನ ಹಿಂದೆ ಹರಿಯುತ್ತಿದ್ದರೆ, ಇವರಿಗೆ ಮುಂದಿನ ಬಸ್ಸಿನ ಅವಸರ!

ಆ ತಿದ್ದಿಕೆಯೂ ಒಂದೇ ಸಲಕ್ಕೆ ಮುಗಿದದ್ದಲ್ಲ. 1957ರಲ್ಲಿ ಥೇಮ್ಸ್ ಸತ್ತ ನದಿ ಎಂದು ಅಲ್ಲಿನ ವಿಜ್ಞಾನಿಗಳೇ ಹೇಳಿದ್ದರು. ಈಗ ಅದರಲ್ಲಿ ನೂರಕ್ಕೂ ಹೆಚ್ಚು ಜಾತಿಯ ಮೀನುಗಳಿವೆ. ಮಳೆ ಬಂದಾಗ ಉಕ್ಕುವ ಕೊಳೆಗೆಂದು 25 ಕಿಲೋಮೀಟರಿನ ಹೊಸ ಸುರಂಗವನ್ನೂ ತೋಡಿ, 2025ರಲ್ಲಿ ಪೂರ್ತಿ ಜೋಡಿಸಿದರು.

ಥೇಮ್ಸ್ ಮೇಲಿನ ಟವರ್ ಬ್ರಿಡ್ಜ್ ಸಂಚಾರಕ್ಕೆ ತೆರೆದದ್ದು 1894ರಲ್ಲಿ. ಸುಮಾರು ಅದೇ ಹೊತ್ತಿಗೆ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳವೆ ನೀರು ಹರಿಯಿತು. ಅದು ಅರ್ಕಾವತಿಯ ನೀರು. ನಂದಿಬೆಟ್ಟದಲ್ಲಿ ಹುಟ್ಟಿ ನಮ್ಮ ತಾಲ್ಲೂಕಿನ ಕೆರೆಗಳನ್ನು ಒಂದೊಂದಾಗಿ ತುಂಬಿಸಿಕೊಂಡು ಹೋದ ನೀರು. ಬೆಂಗಳೂರು ಕುಡಿಯಿತು, ಬೆಳೆಯಿತು, ಮರೆಯಿತು. ಇವತ್ತು ಅದೇ ಕೆರೆಸಾಲಿಗೆ ದೊಡ್ಡಬಳ್ಳಾಪುರದ ಕೊಳಚೆ, ಕಾರ್ಖಾನೆಯ ನೀರು ಬೀಳುತ್ತಿದೆ. ದೊಡ್ಡತುಮಕೂರು, ಮಜರಾಹೊಸಹಳ್ಳಿ ಕಡೆಯ ಹೆಂಗಸರು ಶುದ್ಧ ನೀರಿಗಾಗಿ ರಸ್ತೆಗೆ ಇಳಿಯಬೇಕಾಗಿದೆ. "ಅರ್ಕಾವತಿ ಎಲ್ಲಿದೆ ಬಿಡಿ, ಸತ್ತು ಎಷ್ಟೋ ಕಾಲವಾಯ್ತು" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಉಕ್ಕುತ್ತದೆ. ಸತ್ತಿತೆಂದು ಬರೆದಿಟ್ಟ ನದಿಯಲ್ಲಿ ಮೀನು ಆಡುವುದನ್ನು ಕಂಡು ಬಂದವಳು ನಾನು. ಸತ್ತಿತು ಅನ್ನುವುದು ಕೈ ತೊಳೆದುಕೊಳ್ಳುವವರ ಮಾತು.

ಮದುವೆಮನೆಯಿಂದ ಬಂದ ಸಂಜೆ ಕೆರೆ ಏರಿಯ ಮೇಲೆ ನಡೆಯುವಾಗ ಮನೆಯವರಿಗೆ ಇದನ್ನೆಲ್ಲ ಒದರಿಕೊಂಡೆ. "ರೀ, ಅಷ್ಟು ದೂರ ಹೋಗಿ ಮುಚ್ಚಿಹೋದ ನದಿಗೆ ಕಿವಿಗೊಟ್ಟು ಬಂದ್ವಿ. ನಮ್ಮದನ್ನ ಒಂದು ಸಲಾನೂ ಪೂರ್ತಿ ನೋಡಿಲ್ವಲ್ರೀ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂದಿಯಿಂದ ಹಿಡಿದು ಹೆಸರಘಟ್ಟದವರೆಗೂ ನಡೆದರೆ ಎಷ್ಟು ದಿನ ಆಗುತ್ತೆ?" ಅಂದರು. ಬರುವ ಮಳೆಗಾಲಕ್ಕೆ ಹೊರಡುತ್ತೇವೆ. ಕೆರೆಯಿಂದ ಕೆರೆಗೆ, ಕೋಡಿಯಿಂದ ಕೋಡಿಗೆ.