ವೈನಿಯವರಿಗೆ ಇದನ್ನು ಓದಿ ಹೇಳಿ

ಕುಕನೂರಿನ ಅಣ್ಣಾ,

ನಿಮ್ಮ ಪತ್ರ ತಲುಪಿತು. ವೈನಿಯವರು ಮಹಾಮಾಯಿ ಗುಡಿಗೆ ಹೋಗುವುದನ್ನೇ ಬಿಟ್ಟಿದ್ದಾರೆ ಎಂದು ಬರೆದಿದ್ದೀರಿ. ದೇವಿಯ ಮುಂದೆ ಕೈಮುಗಿದು ನಿಂತರೆ ಬಾಯಲ್ಲಿ ಆಡಬಾರದಂಥ ಬೈಗುಳ ಮನಸ್ಸಿಗೆ ಬರುತ್ತವೆ. ಮನೆಗೆ ಬಂದು ತಲೆ ಮೇಲೆ ನೀರು ಹಾಕಿಕೊಂಡರೂ ಸಮಾಧಾನವಿಲ್ಲ. ಮತ್ತೆ ಮತ್ತೆ ಕೈ ತೊಳೆಯುತ್ತಾರೆ, ನಲ್ಲಿಗೆ ನೀರು ಬಾರದ ದಿನವೂ ಕೊಡಗಳು ಬರಿದಾಗುತ್ತವೆ. ಬೆರಳ ಸಂದು ಬಿರಿದು, ರೊಟ್ಟಿ ಬಡಿಯುವಾಗ ಉರಿಯುತ್ತದೆ ಎಂದು ಓದಿ ಸಂಕಟವಾಯಿತು.

ಮೊದಲು ಅವರಿಗೆ ಹೇಳಿ, ಅವರು ಯಾವ ಪಾಪವನ್ನೂ ಮಾಡಿಲ್ಲ. ಇದು ಗೀಳು ಕಾಯಿಲೆ. ವೈದ್ಯರು ಒಸಿಡಿ ಎನ್ನುತ್ತಾರೆ. ಮನಸ್ಸಿಗೆ ಯಾವುದು ಅತಿ ಪ್ರಿಯವೋ ಗೀಳು ಬಹಳ ಸಲ ಅಲ್ಲೇ ಕೈಯಿಡುತ್ತದೆ. ದೈವಭಕ್ತರಿಗೆ ದೇವರ ಬಗ್ಗೆ, ಬಾಣಂತಿಗೆ ಕೂಸಿನ ಬಗ್ಗೆ. ಕೆಟ್ಟ ವಿಚಾರ ಎಲ್ಲರ ತಲೆಯಲ್ಲೂ ಹಾದು ಹೋಗುತ್ತದೆ, ನಾವು ಮರೆಯುತ್ತೇವೆ. ಗೀಳು ಇದ್ದವರಿಗೆ ಮರೆಯಲು ಆಗುವುದಿಲ್ಲ. ಅದನ್ನು ಅಳಿಸಲು ತೊಳೆಯುತ್ತಾರೆ, ಎಣಿಸುತ್ತಾರೆ, ಕೇಳಿದ್ದನ್ನೇ ಕೇಳುತ್ತಾರೆ. ಅರೆಗಳಿಗೆ ಹಗುರ, ಆಮೇಲೆ ಇಮ್ಮಡಿ ಸಂಶಯ. "ಮಡಿ ಜಾಸ್ತಿ ಆತು" ಎಂದು ಓಣಿಯವರು ಆಡಿಕೊಳ್ಳುತ್ತಾರಲ್ಲ, ಅದು ತಪ್ಪು. ಮಡಿಯಲ್ಲಿದ್ದವರಿಗೆ ಪೂಜೆ ಮುಗಿದ ಮೇಲೆ ನೆಮ್ಮದಿ ಸಿಗುತ್ತದೆ. ವೈನಿಗೆ ಅದೇ ಸಿಗುತ್ತಿಲ್ಲ.

ಇನ್ನು ನಿಮ್ಮ ವಿಷಯ. "ಪಾಪ ತಟ್ಟೂದಿಲ್ಲ ಹೌದಲ್ರೀ?" ಎಂದು ಅವರು ಕೇಳಿದಾಗಲೆಲ್ಲ "ಇಲ್ಲ" ಎನ್ನುತ್ತೀರಿ, ತೊಳೆಯಲು ನೀರು ಹೊತ್ತು ತರುತ್ತೀರಿ. ಪ್ರೀತಿಯಿಂದಲೇ. ಆದರೆ ಗೀಳು ಬೆಳೆಯುವುದು ಆ ಉತ್ತರ ತಿಂದೇ. ಹಾಗೆಂದು ಒಮ್ಮೆಲೇ ನಿಲ್ಲಿಸಿ ಸಿಟ್ಟು ಮಾಡಬೇಡಿ. ಇಬ್ಬರೂ ಮೊದಲೇ ಮಾತಾಡಿಕೊಂಡು, "ಗೀಳು ಕೇಳಾಕತ್ತೈತಿ, ಅದಕ್ಕ ನಾ ಉತ್ರ ಕೊಡಾಂಗಿಲ್ಲ, ಆದ್ರ ನಿನ್ ಸಂಗಾಟ ಕುಂದರ್ತೀನಿ" ಎನ್ನಿ. ಇದೇ ದಾರಿಯಲ್ಲಿ 1966ರಲ್ಲಿ ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ ಗೀಳು ಇದ್ದ ಇಬ್ಬರು ರೋಗಿಗಳನ್ನು ಅವರ ಹೆದರಿಕೆಗೆ ಎದುರಾಗಿಸಿ, ಅವರ ರೂಢಿಯ ಕ್ರಿಯೆ ಮಾಡದೆ ಇರಲು ಕಲಿಸಿದರು. ಆ ರೋಗಿಗಳು ಸುಧಾರಿಸಿದರು. ಇಂದಿಗೂ ಮುಖ್ಯ ಚಿಕಿತ್ಸೆ ಅದೇ. ಅದನ್ನು ಬಲ್ಲ ಚಿಕಿತ್ಸಕರ ಕೈಯಲ್ಲಿ, ಸಣ್ಣ ಹೆದರಿಕೆಯಿಂದ ಆರಂಭಿಸಿ.

ಮಾತ್ರೆಗೂ ಅಂಜಬೇಡಿ. ಫ್ಲುಯಾಕ್ಸೆಟಿನ್, ಸರ್ಟ್ರಾಲಿನ್‌ನಂಥವು ನಿದ್ದೆಗುಳಿಗೆಗಳಲ್ಲ. ಪೂರ್ತಿ ಪರಿಣಾಮ ಕಾಣಲು 8ರಿಂದ 12 ವಾರ ಹಿಡಿಯಬಹುದು. ಹದಿನೈದು ದಿನಕ್ಕೆ ಬೇಸತ್ತು ಬಿಡಬೇಡಿ.

ಇಂಥ ಚಿಕಿತ್ಸೆ ಬೆಂಗಳೂರಿನವರಿಗಷ್ಟೇ ಎಂದುಕೊಳ್ಳಬೇಡಿ. ಊರೂರಿನ ಆರೋಗ್ಯ ಕೇಂದ್ರದಲ್ಲೇ ಮನೋಚಿಕಿತ್ಸೆ ಸಿಗಲಿ ಎಂದು ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 1980ರ ದಶಕದಲ್ಲಿ ಪ್ರಯೋಗಕ್ಕೆ ಇಳಿದದ್ದು ನಿಮ್ಮ ಪಕ್ಕದ ಬಳ್ಳಾರಿಯಲ್ಲೇ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಕಷ್ಟವೆನಿಸಿದರೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ, ನಿಮ್ಹಾನ್ಸ್‌ನಲ್ಲಿ ಗೀಳಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ.

ಅಷ್ಟರೊಳಗೆ ಸರ್ಕಾರದ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಫೋನ್ ಮಾಡಿ. ದುಡ್ಡು ಬೇಡ, ಹಗಲುರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ. ಫೋನನ್ನು ವೈನಿಯವರ ಕೈಗೇ ಕೊಡಿ ಅಣ್ಣಾ, ಅವರೇ ಹೇಳಿಕೊಳ್ಳಲಿ.