ಮುಟ್ಟದೆ ದಾಟಿಸುವ ವಿದ್ಯೆ

ಮೈಸೂರಿನಿಂದ ಮಾನಂದವಾಡಿಗೆ ಹೋಗುವ ಹಾದಿಯಲ್ಲಿ, ಹೆಗ್ಗಡದೇವನಕೋಟೆಯ ಸಮೀಪದಲ್ಲಿ, ಹ್ಯಾಂಡ್‌ಪೋಸ್ಟ್ ಎಂಬ ಕೂಡುರಸ್ತೆಯೊಂದುಂಟು. ಈ ಆಂಗ್ಲಪದಕ್ಕೆ ದಾರಿ ತೋರುವ ಕಂಬವೆಂದು ಅರ್ಥ. ಅದಕ್ಕೆ ಕನ್ನಡದಲ್ಲಿ ಕೈಮರವೆಂಬ ಅಂದವಾದ ಮಾತಿಲ್ಲದೆ ಇಲ್ಲ. ಚಿಕ್ಕಮಗಳೂರಿನ ಬಳಿ ಗಿರಿಯ ಹಾದಿಯಲ್ಲಿ ಆ ಹೆಸರಿನ ಸ್ಥಳವೇ ಇದೆ. ಒಂದೇ ಅರ್ಥದ ಎರಡು ಹೆಸರುಗಳಲ್ಲಿ ಒಂದು ಕನ್ನಡದ ಉಡುಪನ್ನು ಧರಿಸಿತು. ಮತ್ತೊಂದು ಬಂದ ವೇಷದಲ್ಲಿಯೇ ನಿಂತಿತು. ಹುಣಸೂರು, ಪಿರಿಯಾಪಟ್ಟಣ ಸೀಮೆಯ ರೈತನು ಅದನ್ನು ಭಾಷಾಂತರಿಸುವ ಗೋಜಿಗೆ ಹೋಗದೆ, ಹ್ಯಾಂಡ್‌ಪೋಸ್ಟಿಗೇ ಟಿಕೆಟು ಕೇಳುತ್ತಾನೆ. ಭಾಷಾಭಿಮಾನಿಯಾದ ಪಂಡಿತನೊಬ್ಬನು ಬಸ್ಸಿನಲ್ಲಿ ಕುಳಿತು ಕೈಮರಕ್ಕೆ ಟಿಕೆಟು ಕೇಳಿದರೆ, ಕಂಡಕ್ಟರನು ಅವನನ್ನು ಚಿಕ್ಕಮಗಳೂರಿನ ಬಸ್ಸಿಗೆ ಹತ್ತೆಂದು ಇಳಿಸಿಯಾನು!

ಯಾವುದನ್ನು ಮಾರ್ಪಡಿಸಬೇಕು, ಯಾವುದನ್ನು ಇದ್ದಂತೆಯೇ ದಾಟಿಸಬೇಕು ಎಂಬ ಈ ವಿವೇಕವು ಜನರಿಗೆ ರೂಢಿಯಿಂದ ಬಂದುದು. ಯಂತ್ರಕ್ಕಾದರೋ ಅದನ್ನು ಅಕ್ಷರಶಃ ಬರೆದು ತಿಳಿಸಬೇಕಾಗುತ್ತದೆ. ಗಣಕಯಂತ್ರದಲ್ಲಿ ಬರೆಯುವವರಿಗೆ ಸರಳಪಠ್ಯವೆಂಬ ಪದ್ಧತಿಯೊಂದು ಪರಿಚಿತವಾಗಿದೆ. ಅದರಲ್ಲಿ ಅಲಂಕಾರವೇನೂ ಇರುವುದಿಲ್ಲ. ಬರಿಯ ಅಕ್ಷರಗಳು, ನಡುನಡುವೆ ಕೆಲವು ಗುರುತುಗಳು. ಸಾಲಿನ ಮೊದಲಲ್ಲಿ ನಕ್ಷತ್ರದ ಗುರುತಿಟ್ಟು ತೆರಪು ಬಿಟ್ಟರೆ ಅದು ತಲೆಬರಹ. ಖಗೋಳವಿಜ್ಞಾನಿಯಾದ ಕಾರ್ಸ್ಟೆನ್ ಡೊಮಿನಿಕ್ ಎಂಬವರು 2003ರಲ್ಲಿ ಆರಂಭಿಸಿದ ಆರ್ಗ್ ಎಂಬ ತಂತ್ರಾಂಶವು ಈ ಬಗೆಯದು. ಹೀಗೆ ಬರೆದ ಒಂದೇ ಮೂಲಪ್ರತಿಯಿಂದ ಜಾಲಪುಟಕ್ಕೆ ಬೇಕಾದ ಎಚ್‌ಟಿಎಂಎಲ್ ರೂಪವನ್ನೂ, ಅಚ್ಚಿಗೆ ಬೇಕಾದ ಲೇಟೆಕ್ ರೂಪವನ್ನೂ ಅದು ತೆಗೆದುಕೊಡುತ್ತದೆ. ಈ ರೂಪಾಂತರಕ್ಕೆ ಎಕ್ಸ್‌ಪೋರ್ಟ್ ಎಂದು ಹೆಸರು.

ರೂಪಾಂತರಿಸುವವನು ಜಾಣನಾದಷ್ಟೂ ಅಪಾಯವು ಹೆಚ್ಚು. ಈ ತಂತ್ರಾಂಶವು ಸಾಮಾನ್ಯವಾಗಿ ಮೂರು ಚುಕ್ಕೆಗಳನ್ನು ಕಂಡರೆ ಅವನ್ನು ಒಂದೇ ಚಿಹ್ನೆಯಾಗಿ ಕೂಡಿಸುತ್ತದೆ. ಗದ್ಯದ ಸಾಲುಗಳನ್ನು ಒಂದರೊಡನೊಂದು ಹೆಣೆದು ಕಂಡಿಕೆಯಾಗಿ ಹರಿಸುತ್ತದೆ. ಕಥೆಗೆ ಇದರಿಂದ ಬಾಧಕವಿಲ್ಲ. ಶಾಸನಪಾಠಕ್ಕೆ ಹೀಗಾದರೆ ಅನರ್ಥವೇ ಸರಿ.

ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ನಾಲ್ಕನೆಯ ಸಂಪುಟವು 1898ರಲ್ಲಿ ಹೊರಬಂದಿತು. ಹುಣಸೂರು, ಹೆಗ್ಗಡದೇವನಕೋಟೆ ಸೀಮೆಗಳ ಶಾಸನಗಳೂ, ಇಂದು ಕೃಷ್ಣರಾಜನಗರಕ್ಕೆ ಸೇರಿರುವ ಎಡತೊರೆಯ ಶಾಸನಗಳೂ ಅದರಲ್ಲಿ ಬಂದಿವೆ. ಒಂದೊಂದು ಶಾಸನವೂ ಅಲ್ಲಿ ಮೂರು ರೂಪಗಳನ್ನು ತಾಳಿದೆ: ಕನ್ನಡ ಲಿಪಿಯ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷಿನ ಅನುವಾದ. ಮೂಲವು ಕಲ್ಲಿನಲ್ಲಿ ಒಂದೇ. ಓದುಗರಿಗೆ ತಕ್ಕಂತೆ ರೂಪಗಳು ಮೂರು. ಅನುವಾದದಲ್ಲಿ ಅರ್ಥವನ್ನು ತಿಳಿಯಾಗಿಸುವ ಸ್ವಾತಂತ್ರ್ಯವುಂಟು. ಪಾಠದಲ್ಲಿ ಆ ಸ್ವಾತಂತ್ರ್ಯವಿಲ್ಲ. ಸವೆದುಹೋದ ಅಕ್ಷರಗಳಿಗೆ ಬದಲಾಗಿ ಚುಕ್ಕೆಗಳನ್ನಿಡುವುದು ಶಾಸನಸಂಪಾದಕರ ರೂಢಿ. ಆ ಚುಕ್ಕೆಗಳೂ ಸಾಕ್ಷಿಗಳೇ. ಎಷ್ಟು ಅಕ್ಷರ ಹೋಗಿರಬಹುದೆಂಬುದನ್ನು ಅವು ಹೇಳಬಲ್ಲವು. ಹಳಗನ್ನಡದ ‘ಱ’ ಮತ್ತು ‘ೞ’ ಅಕ್ಷರಗಳನ್ನು ಇಂದಿನ ‘ರ’, ‘ಳ’ಗಳಾಗಿ ತಿದ್ದಿದರೆ ಕಾಲನಿರ್ಣಯದ ಒಂದು ಆಧಾರವೇ ಅಳಿಯುತ್ತದೆ. ಕಲ್ಲು ಹೊಲದ ಬದುವಿನಲ್ಲಿ ಸವೆದರೆ, ಅಥವಾ ಒಡೆದರೆ, ಉಳಿಯುವುದು ಪ್ರತಿಯೊಂದೇ. ಆದುದರಿಂದ ಪ್ರತಿಕಾರನ ಮಿತಿಮೀರಿದ ಜಾಣ್ಮೆಯು ಕಳ್ಳತನಕ್ಕಿಂತ ಕಡಿಮೆಯ ಕೇಡಲ್ಲ.

ಇಂಥ ಭಾಗಗಳಿಗೆ ಆರ್ಗ್ ತಂತ್ರಾಂಶವು ಎರಡು ಬಗೆಯ ರಕ್ಷಣೆಯನ್ನು ಕೊಡುತ್ತದೆ. ಮೊದಲನೆಯದು ಉದಾಹರಣೆಯ ಖಂಡ. ಅದರೊಳಗಿನ ಬರಹವು ಎಲ್ಲ ರೂಪಗಳಲ್ಲಿಯೂ ಸಾಲು ಕೆಡದೆ, ಚುಕ್ಕೆ ಕೂಡದೆ, ಕಂಡಂತೆಯೇ ಕಾಣುತ್ತದೆ. ಶಾಸನಪಾಠಕ್ಕೆ ಇದೇ ತಕ್ಕ ಸ್ಥಳ. ಎರಡನೆಯದು ಎಕ್ಸ್‌ಪೋರ್ಟ್ ಖಂಡ. ಇದು ಓದುಗನಿಗೆ ತೋರಿಸತಕ್ಕದ್ದಲ್ಲ, ಮುಂದಿನ ಯಂತ್ರಕ್ಕೆ ಒಪ್ಪಿಸತಕ್ಕದ್ದು: ಮೊಹರು ಮಾಡಿದ ಲಕೋಟೆಯಂತೆ. ಅದರ ಮೊದಲ ಸಾಲಿನಲ್ಲಿ ವಿಳಾಸವಿರುತ್ತದೆ. ಇದು ಜಾಲಪುಟಕ್ಕೆ, ಅಥವಾ ಇದು ಅಚ್ಚಿಗೆ ಎಂದು. ಅಂಚೆಯವನು ಲಕೋಟೆಯನ್ನು ಒಡೆಯದೆ ವಿಳಾಸಕ್ಕೆ ತಲಪಿಸುವಂತೆ, ತಂತ್ರಾಂಶವು ಒಳಗಿನದನ್ನು ಅರ್ಥಮಾಡಿಕೊಳ್ಳಲು ಹೋಗದೆ ಆ ರೂಪಕ್ಕೆ ಮಾತ್ರ ಸಾಗಿಸುತ್ತದೆ.

ಖಂಡವನ್ನು ಗುರುತಿಸುವ ಕ್ರಮವೂ ಸ್ವಾರಸ್ಯವಾದುದು. ಆರಂಭದ ಸಾಲನ್ನು ಕಂಡೊಡನೆ ಯಂತ್ರವು ಮುಕ್ತಾಯದ ಸಾಲನ್ನು ಅರಸುತ್ತದೆ. ಅದು ಸಿಕ್ಕದಿದ್ದರೆ ಖಂಡವೆಂಬುದೇ ಇಲ್ಲ; ಎಲ್ಲವೂ ಸಾಮಾನ್ಯ ಬರಹವೆಂದು ಎಣಿಸಲ್ಪಡುತ್ತದೆ. ಒಳಗೆ ನಕ್ಷತ್ರದಿಂದ ಮೊದಲಾಗುವ ಸಾಲಿದ್ದರೆ ಅದನ್ನು ತಲೆಬರಹವೆಂದು ಭ್ರಮಿಸಿ ಖಂಡವನ್ನೇ ಒಡೆದೀತು. ಇದಕ್ಕೆ ಪರಿಹಾರವಾಗಿ ಆ ಸಾಲಿನ ಮುಂದೆ ಒಂದು ಅಲ್ಪವಿರಾಮವನ್ನು ಕಾವಲಿಗೆ ನಿಲ್ಲಿಸುತ್ತಾರೆ. ದಾಟಿಸುವಾಗ ಕಾವಲುಗಾರನು ಸದ್ದಿಲ್ಲದೆ ಸರಿದುಕೊಳ್ಳುತ್ತಾನೆ. ಸಾಲು ಮಾತ್ರ ಕ್ಷೇಮವಾಗಿ ಊರು ಸೇರುತ್ತದೆ.

ಆದರೆ ಮೊಹರಿನ ಲಕೋಟೆಗೂ ಒಂದು ದೋಷವುಂಟು. ಒಬ್ಬ ಉಪಾಧ್ಯಾಯನು ತನ್ನ ಊರಿನ ಚರಿತ್ರೆಯನ್ನು ಬರೆದು, ಅದರಲ್ಲಿ ವಂಶವೃಕ್ಷವೊಂದನ್ನು ಜಾಲಪುಟಕ್ಕಾಗಿ ಎಕ್ಸ್‌ಪೋರ್ಟ್ ಖಂಡದಲ್ಲಿರಿಸಿದನೆಂದು ಇಟ್ಟುಕೊಳ್ಳಬಹುದು. ಜಾಲಪುಟದಲ್ಲಿ ಅದು ಸೊಗಸಾಗಿ ಕಾಣುವುದು. ಅದೇ ಮೂಲದಿಂದ ಪುಸ್ತಕವನ್ನು ತೆಗೆದಾಗ ವಂಶವೃಕ್ಷವಿದ್ದ ಸ್ಥಳದಲ್ಲಿ ಏನೂ ಇರದು. ತಂತ್ರಾಂಶವು ತಪ್ಪುಮಾಡಿಲ್ಲ, ವಿಳಾಸ ಬೇರೆಯಾದುದರಿಂದ ಬಿಟ್ಟಿತು. ಎಚ್ಚರಿಕೆಯ ಒಂದು ಮಾತನ್ನೂ ಆಡಲಿಲ್ಲ, ಚುಕ್ಕೆಯನ್ನೂ ಇಡಲಿಲ್ಲ. ಮೂರು ತಲೆಮಾರಿನ ಹೆಸರುಗಳು ಹೋದುದು ಅಚ್ಚಾದ ಪುಸ್ತಕವನ್ನು ಮಾತ್ರ ಕಂಡವನಿಗೆ ತಿಳಿಯುವ ಬಗೆಯಾದರೂ ಯಾವುದು?

ಕಾಲವೂ ಇಂಥ ಗುರುತುಗಳನ್ನು ಬದಲಿಸುತ್ತದೆ. 2016ರಲ್ಲಿ ಬಂದ ಆರ್ಗ್ 9.0ರಲ್ಲಿ ಈ ಖಂಡಗಳ ಆರಂಭವನ್ನು ಬರೆಯುವ ಕ್ರಮವೇ ಬೇರೆಯಾಯಿತು. ಹಳೆಯ ಕ್ರಮದ ಖಂಡಗಳು ಆಮೇಲೆ ಮುದ್ರಿತ ಲಕೋಟೆಗಳಾಗಿ ಉಳಿಯಲಿಲ್ಲ. ಅವುಗಳ ಒಳಗಿನದು ಸಾಮಾನ್ಯ ಬರಹದಂತೆ ಓದಲ್ಪಟ್ಟು, ಯಂತ್ರಕ್ಕೆಂದು ಬರೆದ ಸಂಕೇತಗಳು ಓದುಗನ ಕಣ್ಣಿಗೆ ಬಿದ್ದುವು. ಹಳೆಯ ಕಡತವು ಹಾಗೆಯೇ ಇತ್ತು. ಓದುವ ಕಣ್ಣು ಮಾತ್ರ ಬದಲಾಯಿತು. ಶಾಸನಗಳ ಪಾಡೂ ಅದೇ ಅಲ್ಲವೆ? ಕೆತ್ತಿದ ಲಿಪಿ ಕಲ್ಲಿನಲ್ಲಿಯೇ ಇದ್ದರೂ, ಓದಬಲ್ಲವರು ಇಲ್ಲದೆ ಎಷ್ಟೋ ಕಾಲ ಅದು ಬರಿಯ ಗೀರಾಗಿತ್ತು.

ಮನೆಯ ಹಿರಿಯರ ಹಾಡನ್ನೋ, ಊರ ಶಾಸನವನ್ನೋ, ಹಳೆಯ ಲೆಕ್ಕದ ಪುಸ್ತಕವನ್ನೋ ಗಣಕಯಂತ್ರಕ್ಕೆ ಒಪ್ಪಿಸುವ ಗೃಹಸ್ಥರು ಇಂದು ವಿರಳರಲ್ಲ. ಅವರು ಮಾಡಬೇಕಾದುದು ಸ್ವಲ್ಪವೇ. ಕಾಣಬೇಕಾದುದನ್ನು ಉದಾಹರಣೆಯ ಖಂಡದಲ್ಲಿರಿಸುವುದು. ಒಂದು ರೂಪಕ್ಕೆಂದು ಮುಚ್ಚಿಟ್ಟುದಕ್ಕೆ ಇನ್ನೊಂದು ರೂಪಕ್ಕಾಗಿ ಜೊತೆಯ ಖಂಡವೊಂದನ್ನು ಪಕ್ಕದಲ್ಲಿಯೇ ಬರೆಯುವುದು. ಹೊರಬಂದ ಪ್ರತಿಗಳನ್ನೆಲ್ಲ ಮೂಲದೊಡನೆ ಸಾಲುಸಾಲಾಗಿ ಹೋಲಿಸಿ ನೋಡುವುದು. ಈ ಕೊನೆಯ ಕೆಲಸವು ಬೇಸರದ್ದೆಂಬುದು ನಿಜ. ಓಲೆಗರಿಯ ಕಾಲದ ಲಿಪಿಕಾರನಿಗೂ ಅದು ಬೇಸರದ್ದೇ ಆಗಿದ್ದಿರಬೇಕು. ಅವನು ಕಣ್ಣು ನೋಯಿಸಿಕೊಂಡು ಹಾಗೆ ಹೋಲಿಸಿದಲ್ಲೆಲ್ಲ ಗ್ರಂಥವು ಉಳಿಯಿತು.