ಕೈಯಲ್ಲಿ ಕೈಯಿಟ್ಟು ಕೇಳುವ ಊರು

ಅಮೆರಿಕದ ವಾಯವ್ಯ ಮೂಲೆಯಲ್ಲಿ, ಕೆನಡಾದ ಗಡಿಗೆ ಸಮೀಪವಾಗಿ, ಸಿಯಾಟಲ್ ನಗರವಿದೆ. ಪಶ್ಚಿಮಕ್ಕೆ ಪ್ಯೂಜೆಟ್ ಸೌಂಡ್ ಎಂಬ ಕಡಲಿನ ಕವಲು. ಪೂರ್ವಕ್ಕೆ ವಾಷಿಂಗ್‌ಟನ್ ಸರೋವರ. ಆಗ್ನೇಯ ದಿಕ್ಕಿನಲ್ಲಿ, ಮೋಡ ಸರಿದ ದಿನ ಮಾತ್ರ ದರ್ಶನ ಕೊಡುವ ರೇನಿಯರ್ ಹಿಮಗಿರಿ. ಇಲ್ಲಿಯ ಮಳೆಗೆ ಅಬ್ಬರವಿಲ್ಲ. ಆದರೆ ಶರತ್ಕಾಲದಲ್ಲಿ ಹಿಡಿದ ಸೋನೆ ವಸಂತದವರೆಗೂ ಬಿಟ್ಟೂ ಬಿಡದೆ ಜಿನುಗುತ್ತಲೇ ಇರುತ್ತದೆ. ಮಗನನ್ನೋ ಮಗಳನ್ನೋ ನೋಡಲು ಬೆಂಗಳೂರು, ಮೈಸೂರುಗಳಿಂದ ಹೋಗಿ ಕೆಲವು ತಿಂಗಳು ಇದ್ದು ಬರುವ ಹಿರಿಯರಿಗೆ ಈ ಊರು ಈಗ ಅಪರಿಚಿತವಲ್ಲ. ಮುಗಿಲಿಗೆ ಚುಚ್ಚಿ ನಿಂತ ‘ಸ್ಪೇಸ್ ನೀಡಲ್’ ಗೋಪುರ, ಬೋಯಿಂಗ್ ವಿಮಾನದ ಕಾರ್ಖಾನೆ, ಹಡಗುಕಟ್ಟೆಯ ಬಳಿಯ ಹಳೆಯ ಪೇಟೆ ಇವುಗಳನ್ನು ಅವರು ತಪ್ಪದೆ ನೋಡಿ ಬರುತ್ತಾರೆ.

ಆದರೆ ಪ್ರವಾಸಿಗಳ ಕೈಪಿಡಿಯಲ್ಲಿ ಕಾಣಸಿಗದ ಇನ್ನೊಂದು ಖ್ಯಾತಿ ಈ ನಗರಕ್ಕಿದೆ. ಕಣ್ಣೂ ಕಾಣದ, ಕಿವಿಯೂ ಕೇಳದ ಸ್ತ್ರೀಪುರುಷರು ಆ ವಿಶಾಲ ದೇಶದ ನಾನಾ ಮೂಲೆಗಳಿಂದ ಹುಡುಕಿಕೊಂಡು ಬಂದು ನೆಲೆಸಿದ ಊರು ಇದು. ಅಂಧಬಧಿರರ ಸಮುದಾಯವೆಂದು ಹೇಳಬಹುದಾದದ್ದು ಇಷ್ಟು ದೊಡ್ಡದಾಗಿ, ಇಷ್ಟು ಗಟ್ಟಿಯಾಗಿ ಬೆಳೆದಿರುವ ಸ್ಥಳಗಳು ಜಗತ್ತಿನಲ್ಲಿ ಬಹಳ ಇಲ್ಲ.

ಅಂಧಬಧಿರರೆಂದರೆ ಕನ್ನಡ ವಾಚಕರಿಗೆ ಕೂಡಲೇ ನೆನಪಾಗುವ ಹೆಸರು ಹೆಲೆನ್ ಕೆಲ್ಲರ್ ಅವರದು. ೧೯೫೫ರಲ್ಲಿ ಆಕೆ ಭಾರತಕ್ಕೆ ಬಂದಿದ್ದಾಗ ಅವರನ್ನು ಕಾಣಲು ಜನ ಮುಗಿಬಿದ್ದಿದ್ದರು. ಆ ಮಹಾಮಹಿಳೆಯ ಕೀರ್ತಿಯಿಂದ ಉಪಕಾರವಾದಂತೆ ಸ್ವಲ್ಪ ಅಪಕಾರವೂ ಆಯಿತೆನ್ನಬೇಕು. ಇಂಥವರು ಯುಗಕ್ಕೊಬ್ಬರು, ಅವರ ಕೈ ಹಿಡಿದು ನಡೆಸಲು ಆನ್ ಸಲಿವನ್‌ಳಂಥ ಗುರು ಜೀವಮಾನವಿಡೀ ಜೊತೆಗಿರುತ್ತಾಳೆ ಎಂಬ ಭಾವನೆ ಜನರಲ್ಲಿ ಬೇರೂರಿತು. ಯುಗಕ್ಕೊಬ್ಬರಲ್ಲದ, ಸಾಧಾರಣ ಬುದ್ಧಿಯ, ಸಾಧಾರಣ ಆಸೆಗಳ ಅಂಧಬಧಿರನೊಬ್ಬ ತಿಂಗಳ ಬಾಡಿಗೆಯನ್ನು ಹೇಗೆ ಕಟ್ಟುತ್ತಾನೆ? ಸಂಜೆ ಯಾರೊಡನೆ ಹರಟೆ ಹೊಡೆಯುತ್ತಾನೆ? ಸಿಯಾಟಲ್ ಉತ್ತರ ಹುಡುಕುತ್ತ ಬಂದಿರುವುದು ಈ ಪ್ರಶ್ನೆಗಳಿಗೆ.

ಹೀಗೆ ಬಂದವರಲ್ಲಿ ಹುಟ್ಟಿನಿಂದಲೇ ಎರಡೂ ಇಲ್ಲದವರು ಕಡಿಮೆ. ಅಷರ್ ಎಂಬ ಆನುವಂಶಿಕ ವ್ಯಾಧಿಗೆ ತುತ್ತಾದವರೇ ಹೆಚ್ಚು. ಈ ವ್ಯಾಧಿಯ ಒಂದು ಬಗೆಯಲ್ಲಿ ಮಗು ಕಿವುಡಾಗಿಯೇ ಹುಟ್ಟುತ್ತದೆ. ಕಿವುಡು ಮಕ್ಕಳ ಶಾಲೆಯಲ್ಲಿ ಸನ್ನೆಭಾಷೆ ಕಲಿತು ಎಲ್ಲರಂತೆ ಆಡಿ ಬೆಳೆಯುತ್ತದೆ. ಹತ್ತು ಹನ್ನೆರಡರ ಪ್ರಾಯದಲ್ಲಿ ಇರುಳು ಹೊತ್ತು ಎಡವತೊಡಗುತ್ತದೆ. ಮುಂದೆ ವರ್ಷಗಳು ಕಳೆದಂತೆ ದೃಷ್ಟಿ ಅಂಚಿನಿಂದ ಒಳಕ್ಕೆ ಕುಗ್ಗುತ್ತ, ಕೊಳವೆಯೊಳಗಿಂದ ಲೋಕವನ್ನು ನೋಡಿದಂತಾಗುತ್ತದೆ. ಎದುರಿಗಿರುವವನ ಮುಖ ಕಂಡರೆ ಕೈ ಕಾಣದು, ಕೈ ಕಂಡರೆ ಮುಖ ಕಾಣದು. ಮೊದಲು ಸನ್ನೆ ಮಾಡುವವನನ್ನು ನಾಲ್ಕು ಹೆಜ್ಜೆ ಹಿಂದೆ ಸರಿಯಲು ಕೇಳಿಕೊಳ್ಳುತ್ತಾರೆ. ಆಮೇಲೆ ಅವನ ಮಣಿಕಟ್ಟನ್ನು ಹಿಡಿದು ಕೈ ಎತ್ತ ಹೋಯಿತೆಂದು ತಿಳಿಯುತ್ತಾರೆ. ಕಡೆಗೆ ಅವನ ಕೈಗಳ ಮೇಲೆ ತಮ್ಮ ಕೈಗಳನ್ನಿಟ್ಟು ಮಾತನ್ನು ಮುಟ್ಟಿ ಓದುತ್ತಾರೆ. ಮಾತು ತಿಳಿದವರು, ಗೆಳೆಯರಿದ್ದವರು, ಕ್ರಮೇಣ ಒಬ್ಬೊಬ್ಬರನ್ನೇ ಕಳೆದುಕೊಳ್ಳುತ್ತ ಬರುವುದು ಈ ವ್ಯಾಧಿಯ ಕ್ರೌರ್ಯ. ಊರಿನಲ್ಲಿ ಇಂಥವನು ಒಬ್ಬನೇ ಆದರೆ ಮನೆಯ ಒಂದು ಕೋಣೆಯೇ ಅವನ ಪ್ರಪಂಚವಾಗುತ್ತದೆ.

ಅಂಥವರನ್ನು ಸಿಯಾಟಲ್‌ಗೆ ಮೊದಲು ಸೆಳೆದದ್ದು ಕೆಲಸ. ನಗರದ ಆಗ್ನೇಯ ಭಾಗದ ರೇನಿಯರ್ ಕಣಿವೆಯಲ್ಲಿ ‘ಲೈಟ್‌ಹೌಸ್ ಫಾರ್ ದಿ ಬ್ಲೈಂಡ್’ ಎಂಬ ಸಂಸ್ಥೆಯಿದೆ. ಅಂಧರಿಗೆ ದೀಪಸ್ತಂಭವೇತಕ್ಕೆಂದು ಹೆಸರನ್ನು ಕೇಳಿ ನಗುವವರು ಅದರ ಒಳಗೊಮ್ಮೆ ಹೋಗಿ ಬರಬೇಕು. ೧೯೧೮ರಲ್ಲಿ ಆರಂಭವಾದ ಈ ಸಂಸ್ಥೆ ಧರ್ಮಛತ್ರವಲ್ಲ, ಕಾರ್ಖಾನೆ. ಅಂಧರು ತಯಾರಿಸಿದ ಪೊರಕೆ ಮೊದಲಾದ ಸಾಮಾನುಗಳನ್ನು ಕೇಂದ್ರ ಸರಕಾರ ಕೊಳ್ಳಬೇಕೆಂದು ೧೯೩೮ರಲ್ಲಿ ಅಮೆರಿಕದ ಕಾಂಗ್ರೆಸ್ಸು ಕಾಯಿದೆ ಮಾಡಿದ ಮೇಲೆ ಇಂಥ ಕಾರ್ಖಾನೆಗಳಿಗೆ ಜೀವ ಬಂತು. ಸಿಯಾಟಲ್‌ನವರು ಪೊರಕೆಯಲ್ಲಿಯೇ ನಿಲ್ಲಲಿಲ್ಲ. ವಿಮಾನ ಕಾರ್ಖಾನೆ ಊರಿನಲ್ಲಿಯೇ ಇದ್ದುದರಿಂದ ೧೯೫೦ರ ದಶಕದಿಂದ ಬೋಯಿಂಗ್ ವಿಮಾನಗಳಿಗೆ ಬಿಡಿಭಾಗಗಳನ್ನು ಮಾಡಿಕೊಡತೊಡಗಿದರು. ಸೈನಿಕರು ಸೊಂಟಕ್ಕೆ ಕಟ್ಟಿಕೊಳ್ಳುವ ನೀರಿನ ಸೀಸೆಗಳೂ ಇಲ್ಲಿ ತಯಾರಾಗಿವೆ.

ಆ ಯಂತ್ರಶಾಲೆಯಲ್ಲಿ ಲೋಹ ಕೊರೆಯುವ ಯಂತ್ರಗಳ ಮುಂದೆ ನಿಂತವರಲ್ಲಿ ಕಣ್ಣಿಲ್ಲದವರೂ ಉಂಟು, ಎರಡೂ ಇಲ್ಲದವರೂ ಉಂಟು. ಅಳತೆಯ ಪಟ್ಟಿಯ ಮೇಲೆ ಬೆರಳಿಗೆ ಸಿಕ್ಕುವ ಉಬ್ಬುಗೆರೆಗಳಿರುತ್ತವೆ. ತುಂಡನ್ನು ತಪ್ಪಾಗಿ ಇಡಲು ಸಾಧ್ಯವೇ ಆಗದಂತೆ ಅಚ್ಚುಹಿಡಿಗಳನ್ನು ಅಳವಡಿಸಿರುತ್ತಾರೆ. ಅಪಾಯದ ಗಂಟೆ ಕೇಳದವರಿಗೆ ಮೈಮೇಲೆ ಧರಿಸಿದ ಪುಟ್ಟ ಪೆಟ್ಟಿಗೆ ಅದುರಿ ಎಚ್ಚರ ಹೇಳುತ್ತದೆ. ಹೀಗೆ ತಯಾರಾದ ಬಿಡಿಭಾಗಗಳು ಸೇರಿದ ವಿಮಾನದಲ್ಲಿ ಸಾಗರ ದಾಟಿದ ಕನ್ನಡಿಗರು ಎಷ್ಟು ಮಂದಿಯೋ! ಯಾವ ಬೆರಳು ಅದರ ಅಂಚನ್ನು ತಡವಿ ನೋಡಿತ್ತೆಂದು ಅವರಲ್ಲಿ ಯಾರಿಗೂ ತಿಳಿದಿರಲಾರದು.

ಸಂಬಳ ಬಂದ ಕೂಡಲೇ ಬದುಕು ಬಂದಂತಾಗುವುದಿಲ್ಲ. ಮನೆಯಿಂದ ಕಾರ್ಖಾನೆಗೆ ಹೋಗಬೇಕಲ್ಲ! ಅಂಧನಾದರೆ ವಾಹನದ ಸದ್ದು ಕೇಳಿ ರಸ್ತೆ ದಾಟಿಯಾನು. ಅಂಧಬಧಿರನಿಗೆ ಆ ಆಸರೆಯೂ ಇಲ್ಲ. ಸಿಯಾಟಲ್‌ನ ಬಸ್ಸಿನ ನಿಲ್ದಾಣಗಳಲ್ಲಿ ಬಿಳಿಯ ಕೋಲು ಹಿಡಿದವರು ದೊಡ್ಡ ಅಕ್ಷರದ ಅಂಕಿಗಳಿರುವ ಪುಸ್ತಕವೊಂದನ್ನು ಎದೆಯ ಮುಂದೆ ತೆರೆದು ನಿಲ್ಲುವುದುಂಟು. ತಾವು ಹತ್ತಬೇಕಾದ ಬಸ್ಸಿನ ನಂಬರು ಅದರಲ್ಲಿರುತ್ತದೆ. ಅದನ್ನು ಕಂಡ ಚಾಲಕ ಬಸ್ಸು ನಿಲ್ಲಿಸುತ್ತಾನೆ. ರಸ್ತೆ ದಾಟಲು ಇನ್ನೊಂದು ಚೀಟಿ: ‘ನನಗೆ ಕಣ್ಣು ಕಾಣದು, ಕಿವಿ ಕೇಳದು, ದಾಟಿಸುವುದಾದರೆ ನನ್ನನ್ನು ಮುಟ್ಟಿ’ ಎಂಬ ಅರ್ಥದ್ದು. ಚೀಟಿ ಹಿಡಿದು, ಭುಜದ ಮೇಲೆ ಯಾವುದೋ ಅಪರಿಚಿತ ಕೈ ಬೀಳುವವರೆಗೆ ಸೋನೆಮಳೆಯಲ್ಲಿ ನಿಂತಿರಲು ಎಂಥ ತಾಳ್ಮೆ ಬೇಕು, ಆ ಊರಿನ ಜನರ ಮೇಲೆ ಎಂಥ ನಂಬಿಕೆ ಬೇಕು!

೧೯೮೬ರಲ್ಲಿ ಸಿಯಾಟಲ್‌ನಲ್ಲಿ ಅಂಧಬಧಿರರಿಗಾಗಿಯೇ ಪ್ರತ್ಯೇಕ ಸೇವಾಕೇಂದ್ರವೊಂದು ಸ್ಥಾಪಿತವಾಯಿತು. ಅದರ ಸೇವೆಗಳಲ್ಲಿ ಮುಖ್ಯವಾದದ್ದು ಸಹಾಯಕರನ್ನು ಒದಗಿಸುವುದು. ಈ ಸಹಾಯಕ ದಾದಿಯಲ್ಲ, ಪೋಷಕನೂ ಅಲ್ಲ. ಸನ್ನೆಭಾಷೆ ಬಲ್ಲ ಅವನ ಕೆಲಸ ಎರಡೇ: ಜೊತೆಗೆ ನಡೆಯುವುದು, ಕಂಡದ್ದನ್ನು ಹೇಳುವುದು. ೧೯೦೭ರಿಂದ ನಡೆದು ಬಂದಿರುವ ಪೈಕ್ ಪ್ಲೇಸ್ ಪೇಟೆಗೆ ಅಂಧಬಧಿರಳೊಬ್ಬಳು ತರಕಾರಿಗೆಂದು ಹೊರಟಳೆನ್ನಿ. ಟೊಮೇಟೊ ಮೆತ್ತಗಾಗಿದೆ, ಪಕ್ಕದ ಅಂಗಡಿಯಲ್ಲಿ ದರ ಕಡಿಮೆ, ಅಂಗಡಿಯವನಿಗೆ ಇವಳನ್ನು ಕಂಡು ಕಸಿವಿಸಿಯಾದಂತಿದೆ—ಇಷ್ಟನ್ನೂ ಸಹಾಯಕಿ ಅವಳ ಕೈಗೆ ಹೇಳುತ್ತಾಳೆ. ಕೊಳ್ಳಬೇಕೋ ಬೇಡವೋ ಎಂಬುದನ್ನು ಮಾತ್ರ ಹೇಳಕೂಡದು. ‘ಪಾಪ, ಅವಳಿಗೇನು ತಿಳಿಯುತ್ತದೆ’ ಎಂದು ತಾನೇ ಆರಿಸಿ ಚೀಲಕ್ಕೆ ಹಾಕಿದರೆ ಸೇವೆ ಕೆಟ್ಟಂತೆಯೇ. ಕರುಣೆಯಿಂದ ಕೆಲಸ ಮಾಡಿ ಅಭ್ಯಾಸವಾದವರಿಗೆ ಈ ಸಂಯಮ ಸುಲಭವಾಗಿ ಬರುವುದಿಲ್ಲ.

ಕಷ್ಟವೆಂದರೆ ಇಂಥ ಸಹಾಯ ಬೇಕಾದಷ್ಟು ದೊರೆಯದು. ೧೯೯೦ರ ಅಂಗವಿಕಲರ ಹಕ್ಕಿನ ಕಾಯಿದೆಯ ಪ್ರಕಾರ ಆಸ್ಪತ್ರೆ, ನ್ಯಾಯಾಲಯ, ಉದ್ಯೋಗದ ಸ್ಥಳಗಳಲ್ಲಿ ದುಭಾಷಿಯನ್ನು ಕೇಳಿ ಪಡೆಯಬಹುದು. ಟೊಮೇಟೊ ಕೊಳ್ಳಲು, ಟಪಾಲು ಓದಿಸಿಕೊಳ್ಳಲು, ನೆಂಟರ ಮನೆಗೆ ಹೋಗಲು ಕಾಯಿದೆ ಯಾರನ್ನೂ ಕಳಿಸಿಕೊಡುವುದಿಲ್ಲ. ಸೇವಾಕೇಂದ್ರದಿಂದ ಸಿಕ್ಕುವ ಕೆಲವೇ ಗಂಟೆಗಳನ್ನು ಹಾಲಿಗಿಷ್ಟು, ಬ್ಯಾಂಕಿಗಿಷ್ಟು ಎಂದು ಹಂಚಿಕೊಂಡು ತಿಂಗಳು ನೂಕಬೇಕು.

ಈ ಲೆಕ್ಕಾಚಾರವನ್ನು ಮರೆತಿರಬಹುದಾದ ಒಂದು ವಾರವೂ ಇತ್ತು. ನಗರದ ಪಶ್ಚಿಮಕ್ಕೆ, ಹಡಗಿನಲ್ಲಿ ಸೌಂಡನ್ನು ದಾಟಿ ಕಾಡುದಾರಿ ಹಿಡಿದರೆ ಹುಡ್ ಕಾಲುವೆಯ ದಂಡೆಯ ಸೀಬೆಕ್ ಎಂಬ ಸ್ಥಳ ಸಿಗುತ್ತದೆ. ಕಾಲುವೆಯೆಂದು ಹೆಸರಾದರೂ ಯಾರೂ ತೋಡಿದ್ದಲ್ಲ; ಹಿಮನದಿ ಕೊರೆದಿಟ್ಟ ಕಡಲ ತೋಳು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಮರ ಕೊಯ್ಯುವ ದೊಡ್ಡ ಗಿರಣಿಯಿತ್ತು. ೧೮೮೬ರಲ್ಲಿ ಅದು ಬೆಂಕಿಗೆ ಆಹುತಿಯಾದ ಮೇಲೆ ಊರು ಬರಿದಾಗಿ, ಹಳೆಯ ಕಟ್ಟಡಗಳು ಮುಂದೆ ಶಿಬಿರಗಳಿಗೆ ಒದಗಿಬಂದವು. ಎದುರಿಗೆ ನೀರಿನಾಚೆ ಒಲಿಂಪಿಕ್ ಪರ್ವತಗಳ ಸಾಲು. ದಶಕಗಳ ಕಾಲ ಬೇಸಿಗೆಯಲ್ಲಿ ಒಂದು ವಾರ ಲೈಟ್‌ಹೌಸ್ ಸಂಸ್ಥೆ ಇಲ್ಲಿ ಅಂಧಬಧಿರರ ಶಿಬಿರ ನಡೆಸಿತು. ದೇಶವಿದೇಶಗಳಿಂದ ಶಿಬಿರಾರ್ಥಿಗಳು ಬರುತ್ತಿದ್ದರು; ಅವರ ಸಂಖ್ಯೆಯನ್ನು ಮೀರಿಸುವಷ್ಟು ಸ್ವಯಂಸೇವಕರೂ ಬರುತ್ತಿದ್ದರು. ಜೋಡಿ ಸೈಕಲ್ಲು, ದೋಣಿವಿಹಾರ, ಈಜು. ಇವೆಲ್ಲಕ್ಕಿಂತ ಮಿಗಿಲಾಗಿ, ತಡರಾತ್ರಿಯವರೆಗೆ ಮಾತು, ಮಾತು, ಮಾತು! ವರ್ಷವೆಲ್ಲ ಕೂಡಿಟ್ಟ ಸುದ್ದಿಯನ್ನು ಕೈಯಿಂದ ಕೈಗೆ ಹರಿಸುತ್ತ ಕುಳಿತವರಿಗೆ ದೀಪ ಆರಿದ್ದೂ ತಿಳಿಯುತ್ತಿರಲಿಲ್ಲ; ತಿಳಿಯುವ ಅಗತ್ಯವೂ ಇರಲಿಲ್ಲವೆನ್ನಿ.

ಇಷ್ಟೆಲ್ಲ ಇದ್ದರೂ ಒಂದು ಕೊರತೆ ಬಹಳ ದಿನ ಯಾರ ಗಮನಕ್ಕೂ ಬಂದಿರಲಿಲ್ಲ. ಸಭೆಯೆಂದರೆ ಪ್ರತಿಯೊಬ್ಬ ಅಂಧಬಧಿರನ ಪಕ್ಕದಲ್ಲಿಯೂ ಕಣ್ಣುಳ್ಳ ದುಭಾಷಿಯೊಬ್ಬ ಕುಳಿತಿರಬೇಕು. ಒಬ್ಬನು ಆಡಿದ್ದು ಮೊದಲು ದುಭಾಷಿಗೆ, ಅವನಿಂದ ಇನ್ನೊಬ್ಬನಿಗೆ. ಒಂದೇ ಮೇಜಿನ ಸುತ್ತ ಇಪ್ಪತ್ತು ವರ್ಷ ಕುಳಿತ ಇಬ್ಬರು ಒಬ್ಬರನ್ನೊಬ್ಬರು ಮುಟ್ಟದೆಯೇ ಇದ್ದಿರಬಹುದು. ೨೦೦೭ರ ಸುಮಾರಿಗೆ ಸೇವಾಕೇಂದ್ರವನ್ನು ನಡೆಸುತ್ತಿದ್ದವರು ಸ್ವತಃ ಅಂಧಬಧಿರೆಯಾದ ಜೆಲಿಕಾ ನುಚಿಯೊ. ಅವರೊಡನೆ ಅದೇ ಸ್ಥಿತಿಯ ಎ. ಜೆ. ಗ್ರಾಂಡಾ ಇದ್ದರು. ಬೇಕಾದಷ್ಟು ದುಭಾಷಿಗಳು ಸಿಗದೆ ಹೋದಾಗ ಅವರು ಸಭೆಯನ್ನು ಮುಂದೂಡುವ ಬದಲು ದುಭಾಷಿಗಳಿಲ್ಲದೆಯೇ ಸಭೆ ಸೇರಿಸಿದರು. ಕೊರತೆಯಿಂದ ಹುಟ್ಟಿದ ಈ ಏರ್ಪಾಟೇ ದೊಡ್ಡದೊಂದು ಬದಲಾವಣೆಗೆ ಬಾಗಿಲು ತೆರೆಯಿತು.

ಅಮೆರಿಕದ ಸನ್ನೆಭಾಷೆ ಕಣ್ಣುಳ್ಳ ಕಿವುಡರಿಂದ ಬೆಳೆದದ್ದು. ಹುಬ್ಬೇರಿಸಿದರೆ ಪ್ರಶ್ನೆ, ತಲೆಯಾಡಿಸಿದರೆ ನಿಷೇಧ. ಅರ್ಧ ವ್ಯಾಕರಣ ಮುಖದ ಮೇಲೆಯೇ. ಕೈಯನ್ನು ಮಾತ್ರ ಮುಟ್ಟುವವನಿಗೆ ಮುಖದ ಈ ಅಂಶವೆಲ್ಲ ನಷ್ಟ. ಕೇಳುವವನು ಹೂಂಗುಟ್ಟಿದನೋ ತೂಕಡಿಸಿದನೋ ಹೇಳುವವನಿಗೆ ತಿಳಿಯದು. ನೇರವಾಗಿ ಮಾತಾಡತೊಡಗಿದ ಅಂಧಬಧಿರರು ಇದಕ್ಕೆ ತಾವೇ ದಾರಿ ಕಂಡುಕೊಂಡರು. ಮೊಣಕಾಲಿಗೆ ಮೊಣಕಾಲು ತಾಗುವಂತೆ ಕುಳಿತು, ಒಂದು ಕೈಯಿಂದ ಮಾತನ್ನು ಕೇಳುತ್ತ, ಇನ್ನೊಂದು ಕೈಯನ್ನು ಎದುರಿನವರ ತೊಡೆಯ ಮೇಲಿಟ್ಟು ತಟ್ಟುತ್ತಾರೆ. ಆ ತಟ್ಟುವಿಕೆಯೇ ಹೂಂಕಾರ. ನಗು ಬಂದರೆ ಬೆರಳುಗಳು ಅಲ್ಲಿಯೇ ಕಚಗುಳಿಯಿಟ್ಟಂತೆ ಕುಣಿಯುತ್ತವೆ. ಕೋಣೆಯ ಬಾಗಿಲೆಲ್ಲಿ, ಕಿಟಕಿಯೆಲ್ಲಿ ಎಂಬುದನ್ನು ಗಾಳಿಯಲ್ಲಿ ತೋರಿಸದೆ, ಕೇಳುವವನ ಅಂಗೈಯನ್ನೇ ನೆಲವಾಗಿಸಿ ಅದರ ಮೇಲೆ ಗುರುತಿಸುತ್ತಾರೆ. ಮರದ ವಿಷಯ ಬಂದರೆ ಅವನ ಮುಂಗೈಯೇ ಕಾಂಡ, ಬೆರಳುಗಳೇ ಕೊಂಬೆ. ಹೇಳುವವನ ಶರೀರದ ಮೇಲಿದ್ದ ಮಾತು ಕೇಳುವವನ ಶರೀರಕ್ಕೂ ಹಬ್ಬಿತು.

ಈ ಪದ್ಧತಿಗೆ ‘ಪ್ರೊಟ್ಯಾಕ್ಟೈಲ್’ ಎಂದು ಹೆಸರಾಯಿತು. ಟೆರಾ ಎಡ್ವರ್ಡ್ಸ್ ಎಂಬ ಮಾನವಶಾಸ್ತ್ರಜ್ಞೆ ಅವರ ನಡುವೆ ಇದ್ದು ಇದನ್ನು ಅಭ್ಯಸಿಸಿ, ಇಲ್ಲಿ ಹೊಸ ಭಾಷೆಯೊಂದರ ವ್ಯಾಕರಣ ರೂಪುಗೊಳ್ಳುತ್ತಿದೆಯೆಂದು ವಿದ್ವತ್ ಪತ್ರಿಕೆಗಳಲ್ಲಿ ಬರೆದಿದ್ದಾರೆ. ಮಿನ್ನೆಸೋಟದ ಅಂಧಬಧಿರ ಕವಿ ಜಾನ್ ಲೀ ಕ್ಲಾರ್ಕ್ ೨೦೨೩ರಲ್ಲಿ ಪ್ರಕಟಿಸಿದ ಪ್ರಬಂಧ ಸಂಗ್ರಹದಲ್ಲಿ ಇದರ ಕಥೆಯಿದೆ. ಆದರೆ ಪಂಡಿತರ ಮೆಚ್ಚುಗೆಗಿಂತ ಹೆಚ್ಚಿನದು ಇನ್ನೊಂದುಂಟು. ಸಭ್ಯತೆಯೆಂದರೆ ಕೈ ಕಟ್ಟಿ ಕೂಡುವುದೆಂದು ಬಾಲ್ಯದಿಂದ ಕಲಿತವರು, ಮೇಜಿನ ಮೇಲೇನಿದೆಯೆಂದು ನಾಚಿಕೆಯಿಲ್ಲದೆ ತಡವಿ ನೋಡತೊಡಗಿದರು.

ಇದು ಎಲ್ಲರಿಗೂ ಒಪ್ಪಿಗೆಯಾಯಿತೆಂದಲ್ಲ. ದೃಷ್ಟಿ ಇನ್ನೂ ಒಂದಿಷ್ಟು ಉಳಿದವರಿಗೆ ಮುಟ್ಟಿ ಮಾತಾಡುವುದೆಂದರೆ ಕುರುಡನ್ನು ಒಪ್ಪಿಕೊಂಡಂತೆ. ಕಡೆಯ ಮಿಣುಕು ಇರುವವರೆಗೂ ಕಣ್ಣಿಗೇ ಜೋತುಬೀಳುತ್ತಾರೆ. ಅವರನ್ನು ದೂರುವುದು ಸಲ್ಲದು. ಇನ್ನು ೨೦೨೦ರಲ್ಲಿ ಕೋವಿಡ್ ಸಾಂಕ್ರಾಮಿಕ ಹಬ್ಬಿ, ಆರು ಅಡಿ ದೂರ ನಿಲ್ಲಿರೆಂಬ ಆಜ್ಞೆ ಹೊರಟಾಗ, ಉಳಿದವರಿಗೆ ಅದು ತೊಡಕಾದರೆ ಇವರಿಗೆ ಬಾಯಿಗೆ ಬಟ್ಟೆ ತುರುಕಿದಂತಾಯಿತು. ಆರು ಅಡಿ ದೂರದಲ್ಲಿರುವ ಮನುಷ್ಯ ಅಂಧಬಧಿರನ ಪಾಲಿಗೆ ಇಲ್ಲವೇ ಇಲ್ಲ.

ಭಾರತದಲ್ಲಿ ಈ ದಿಕ್ಕಿನ ಕೆಲಸ ಆರಂಭವಾಗಿ ಬಹಳ ಕಾಲವಾಗಿಲ್ಲ. ಬೇರೋಜ್ ವಾಚಾ ಅವರು ಮುಂಬಯಿಯಲ್ಲಿ ೧೯೭೭ರಲ್ಲಿ ಹೆಲೆನ್ ಕೆಲ್ಲರ್ ಹೆಸರಿನಲ್ಲಿಯೇ ಅಂಧಬಧಿರ ಮಕ್ಕಳಿಗೆ ಶಿಕ್ಷಣ ಆರಂಭಿಸಿದರು; ೧೯೯೭ರಿಂದ ಅಹಮದಾಬಾದಿನ ‘ಸೆನ್ಸ್’ ಸಂಸ್ಥೆ ಇತರ ರಾಜ್ಯಗಳ ಸಂಸ್ಥೆಗಳೊಡನೆ ಕೂಡಿ ಕೆಲಸ ಮಾಡುತ್ತ ಬಂದಿದೆ. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಅಂಧಬಧಿರತೆಯ ಹೆಸರು ಸ್ಪಷ್ಟವಾಗಿ ಸೇರಿತು. ಆದರೆ ಬೆಳೆದು ದೊಡ್ಡವರಾದ ಅಂಧಬಧಿರರು ಒಂದೇ ಊರಿನಲ್ಲಿ ನೆಲೆಸಿ, ಒಬ್ಬರ ಮನೆಗೆ ಒಬ್ಬರು ಹೋಗಿಬರುವಂಥ ಸಿಯಾಟಲ್ ಇಲ್ಲಿ ಇನ್ನೂ ಆಗಬೇಕಾಗಿದೆ.

ಸಿಯಾಟಲ್‌ನ ದಕ್ಷಿಣಕ್ಕಿರುವ ಆರೆಗಾನ್ ಸಂಸ್ಥಾನದಲ್ಲಿ ಮಾನ್‌ಮತ್ ಎಂಬ ಸಣ್ಣ ಪಟ್ಟಣವಿದೆ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಈ ಸ್ಪರ್ಶಭಾಷೆಯ ದುಭಾಷಿಗಳಾಗಲು ಬರುವವರಿಗಾಗಿ ತರಗತಿಗಳು ನಡೆದಿವೆ. ಕಲಿಯಲು ಬಂದವರಿಗೆ ಕಣ್ಣು ಕಾಣುತ್ತದೆ, ಕಲಿಸುವವರು ಅಂಧಬಧಿರರು. ಶಿಷ್ಯ ಮಾತು ತಪ್ಪಿದರೆ ಗುರು ಅವನ ಕೈಯನ್ನು ಹಿಡಿದು ಸರಿಯಾದ ಜಾಗದಲ್ಲಿ ತಂದಿಡುತ್ತಾರೆ.